ಗಾದಿ ಅಂಗಡಿಯ ಹತ್ತು ನಿಮಿಷ

ನನ್ನ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಹುಬ್ಬೇ ಹೇಳಿಬಿಡುತ್ತದೆ. ಇಂಥವನು ಚೌಕಾಸಿಗೆ ನಾಲಾಯಕ್ ಎಂದು ನನ್ನ ಹೆಂಡತಿ ಶಾಂತಾ ಮದುವೆಯಾದ ವರ್ಷವೇ ತೀರ್ಪು ಕೊಟ್ಟಿದ್ದಾಳೆ. ಅದಕ್ಕೇ ಹೈದರಾಬಾದಿಗೆ ಬಂದಮೇಲೆ ನಮ್ಮದೊಂದು ಪದ್ಧತಿ: ಅಂಗಡಿಯವನ ಜೊತೆ ಹಿಂದಿ, ನಮ್ಮ ನಮ್ಮೊಳಗೆ ಧಾರವಾಡದ ಕನ್ನಡ. ಅವನ ಅಸಲು ಎಷ್ಟೆಂದು ನಮಗೆ ಗೊತ್ತಿಲ್ಲ. ನಮ್ಮ ಆಸೆ ಎಷ್ಟೆಂದು ಅವನಿಗೂ ಗೊತ್ತಾಗಬಾರದಲ್ಲ!

ಈ ಸಲ ಬೇಕಾದದ್ದು ಗಾದಿ. ಮನೆಯ ಹಳೇ ಹತ್ತಿಯ ಗಾದಿ ಗಂಟುಗಂಟಾಗಿ, ಆರು ತಿಂಗಳಿಂದ ನನಗೆ ನಿದ್ದೆಯೇ ಇರಲಿಲ್ಲ. ಆಫೀಸಿನ ಫೈಲುಗಳ ಮೇಲೆ ಮೋಡಗಳು ತೇಲುತ್ತಿದ್ದವು. ಬಸ್ಸಿನಲ್ಲಿ ನಾನು ಇಳಿಯಬೇಕಾದ ತಾರ್ನಾಕ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಒಂದು ಒಳ್ಳೆಯ ನಿದ್ದೆಗೆ ಕೇಳಿದಷ್ಟು ಕೊಡಲು ಸಿದ್ಧನಿದ್ದೆ. ಅಂಗಡಿಯವನಿಗೆ ತಿಳಿಯಬಾರದ ಸಂಗತಿ ಇದೇ. ಶಾಂತಾ ನನಗೆ ಹರಕು ಚಪ್ಪಲಿ ಹಾಕಿಸಿ ಕರೆದೊಯ್ದಳು. "ಏನ ತೋರಿಸಿದ್ರೂ ಮಾರಿ ಗಂಟ ಹಾಕ್ಕೊಂಡಿರ್ರಿ. ಛಂದ ಐತಿ ಅಂದ್ರ ನೋಡ್ರಿ ಮತ್ತ!"

ಅಂಗಡಿಯಾತ ಚಪ್ಪಲಿಯ ಕಡೆ ನೋಡಲೇ ಇಲ್ಲ. ತೆಳು, ನಡು, ದಪ್ಪ ಎಂದು ಮೂರು ಗಾದಿ ತೋರಿಸಿ, "ರೇಟು ಆಮೇಲೆ, ಮೊದಲು ಹತ್ತು ನಿಮಿಷ ಮಲಗಿ ನೋಡಿ" ಎಂದು ಹಿಂದಿಯಲ್ಲಿ ಹೇಳಿ ಫ್ಯಾನು ಹಾಕಿದ. ತೆಳುವಿನ ಮೇಲೆ ಮಲಗಿದೆ, ಎದ್ದೆ. ನಡುವಿನದರ ಮೇಲೆ ಮಲಗಿದೆ, ಎದ್ದೆ. ದಪ್ಪನೆಯದರ ಮೇಲೆ ಮಲಗಿದ್ದಷ್ಟೇ ನೆನಪು. ಆಮೇಲೆ ಹುಸೇನ್ ಸಾಗರದ ನೀರಿನ ಮೇಲೆ ಅಂಗಾತ ತೇಲುತ್ತಿದ್ದೆ. ಶಾಂತಾ ದಡದಲ್ಲಿ ನಿಂತು, ಯಾವುದಕ್ಕೂ ಬೈಯದೆ, ಸುಮ್ಮನೆ ಕೈ ಬೀಸುತ್ತಿದ್ದಳು. ಅಯ್ಯೋ, ಎಂಥಾ ಸುಖ!

ಎಚ್ಚರವಾದಾಗ ಮುಕ್ಕಾಲು ಗಂಟೆ ಕಳೆದಿತ್ತು. ಅಂಗಡಿಯಾತ ದಪ್ಪ ಗಾದಿಯ ಬಿಲ್ಲು ಬರೆದು ಮುಗಿಸಿದ್ದ. ಒಂದು ರೂಪಾಯಿಯೂ ಬಿಟ್ಟಿರಲಿಲ್ಲ.

"ನಾ ಒಂದ ಮಾತೂ ಆಡಲಿಲ್ಲಲ್ಲೇ?" ಎಂದೆ, ಹೊರಗೆ ಬಂದು.

"ಮಾತಾಗಿದ್ರ ಕನ್ನಡದಾಗ ಮುಚ್ಚಿಡಬಹುದಿತ್ರಿ. ನಿಮ್ಮ ಗೊರಕಿ ಯಾವ ಭಾಷಾದಾಗ ಮುಚ್ಚಿಡ್ಲಿ?"

ಈಗ ಅವಳೂ ಆ ಅಂಗಡಿಯವನ ವಿದ್ಯೆ ಕಲಿತಿದ್ದಾಳೆ. ನನ್ನ ಮಾತು ನಂಬುವುದನ್ನೇ ಬಿಟ್ಟಿದ್ದಾಳೆ. ಭಾನುವಾರ ಮಧ್ಯಾಹ್ನ ಬಾಲ್ಕನಿ ತೊಳೆಯುವ ಕೆಲಸ ಎದುರಾದಾಗ, "ಪ್ರಬಂಧ ಒಂದು ತಲಿಯೊಳಗ ಕುದಿಯಾಕತ್ತೈತಿ, ಬರೀಬೇಕು" ಎಂದರೆ ಗಾದಿಯ ಕಡೆ ಬೆರಳು ತೋರಿಸುತ್ತಾಳೆ. "ಹೌದೇನ್ರಿ? ಮೊದಲ ಹತ್ತ ನಿಮಿಷ ಅದರ ಮ್ಯಾಲ ಮಲಗ್ರಿ. ನಿದ್ದಿ ಬರಲಿಲ್ಲಂದ್ರ ಖರೇ ಅಂತೀನಿ."

ಹೋದ ನಾಲ್ಕು ಭಾನುವಾರವೂ ಬಾಲ್ಕನಿ ನಾನೇ ತೊಳೆದಿದ್ದೇನೆ. ಈ ಪ್ರಬಂಧವನ್ನು ಸೋಮವಾರ, ಆಫೀಸಿನಲ್ಲಿ ಬರೆದೆ.