ಆರನೇ ನಂಬರಿನ ಡೇರೆ

ಕದಿರಮ್ಮ: ಮ್ಯಾಲೆ ಏನೈತೆ?

ಮುನಿಸ್ವಾಮಪ್ಪ: ಏನೂ ಇಲ್ಲ.

ಕದಿರಮ್ಮ: ಏನೂ ಇಲ್ದಿರೋ ಕಡೀಕೆ ಯಾಕ್ ಓಗ್ತೀಯ?

ಮುನಿಸ್ವಾಮಪ್ಪ: ಇಮಾಲಯ ಕಣೇ ಅದು. ಇಪ್ಪತ್ತೊಂದು ಸಾವಿರ ಅಡಿ!

ಕದಿರಮ್ಮ: ಚಿನ್ನ ಐತಾ?

ಮುನಿಸ್ವಾಮಪ್ಪ: ಬರೀ ಮಂಜು.

ಕದಿರಮ್ಮ: ಇಪ್ಪತ್ತೆರಡು ವರ್ಷ ಚಿನ್ನ ಇರೋ ಕಡೀಕೆ ಓಗಿ ಬಂದೆ. ನನ್ನ ಮೂಗಿಗೆ ಒಂದು ಮೂಗುತಿ ಬರ್ಲಿಲ್ಲ. ಮಂಜಿರೋ ಕಡೆಯಿಂದ ಏನ್ ತತ್ತೀಯ?

ಮುನಿಸ್ವಾಮಪ್ಪ ಕೈಯಲ್ಲಿದ್ದ ಹಗ್ಗವನ್ನು ಹೆಣೆಯತೊಡಗಿದ. ಹಗ್ಗಕ್ಕೆ ಹಗ್ಗ ಸೇರಿಸಿದರೆ ಸೇರಿಸಿದ ಜಾಗವೇ ಕಾಣದ ಹಾಗೆ ಹೆಣೆಯುವವನು ಚಿನ್ನದ ಗಣಿಯ ಕೆಲಸಗಾರರಿದ್ದ ಕೋರಮಂಡಲ್ ಲೈನಿನಲ್ಲಿ ಅವನೊಬ್ಬನೇ. ಅದನ್ನು ಕಂಡೇ ಗಣಿಯ ಸರ್ವೆ ಸಾಹೇಬರು, ಗೆಳೆಯರ ಜೊತೆ ತಾವು ಹತ್ತಲಿದ್ದ ಶಿಖರಕ್ಕೆ ಅವನನ್ನು ಹಗ್ಗದ ಆಳಾಗಿ ಕರೆದಿದ್ದರು. ಐವತ್ತೆಂಟನೇ ಇಸವಿಯಲ್ಲೂ ಆ ಶಿಖರಕ್ಕೊಂದು ಹೆಸರಿರಲಿಲ್ಲ. ನಕ್ಷೆಯಲ್ಲಿ ಬರೀ ಒಂದು ಅಂಕಿ. ಸುದ್ದಿ ಹಬ್ಬಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಕ್ಷೌರದಂಗಡಿಯಲ್ಲಿ ಮುನಿಸ್ವಾಮಪ್ಪ ಒಳಗೆ ಕಾಲಿಟ್ಟರೆ ಕುರ್ಚಿಯಲ್ಲಿದ್ದವನು ಅರ್ಧ ಗಡ್ಡದಲ್ಲೇ ಎದ್ದು ನಿಲ್ಲುತ್ತಿದ್ದ.

ಕದಿರಮ್ಮ: ದಾರಿ ಯಾರಿಗೆ ಗೊತ್ತು?

ಮುನಿಸ್ವಾಮಪ್ಪ: ಆ ಕಡೆಯವನು ಒಬ್ಬ ಶೆರ್ಪಾ ಅವ್ನೆ. ಬೆಟ್ಟದ ಮೇಸ್ತ್ರಿ ಅನ್ಕೋ. ಅವನು ಮುಂದೆ, ನಾವು ಹಿಂದೆ.

ಕದಿರಮ್ಮ: ಅವನು ಹತ್ತವ್ನಾ?

ಮುನಿಸ್ವಾಮಪ್ಪ: ಯಾರೂ ಹತ್ತಿಲ್ಲ.

ಕದಿರಮ್ಮ: ಯಾರೂ ಹತ್ತಿಲ್ದಿರೋ ಬೆಟ್ಟಕ್ಕೆ ದಾರಿ ತೋರಿಸ್ತಾನಾ?

ಮುನಿಸ್ವಾಮಪ್ಪ: ಅದಕ್ಕೇ ಅವನ್ನ ಮೇಸ್ತ್ರಿ ಅನ್ನೋದು.

ಕದಿರಮ್ಮ ಮೊರದಲ್ಲಿದ್ದ ಹುರುಳಿಯಿಂದ ಒಂದು ಕಲ್ಲು ಆರಿಸಿ ಎಸೆದಳು.

ಕದಿರಮ್ಮ: ಇಲ್ಲಿ ಗಣಿಯೊಳಗೆ ಬಂಡೆ ಸಿಡಿದು ನೆಲ ಅದುರಿದ್ರೆ ಸೆರಗು ಕಟ್ಕೊಂಡು ಶಾಫ್ಟ್ ಬಾಯಿ ತಾವ ಓಡ್ತೀನಿ. ಅಲ್ಲಿ ಏನಾರ ಆದ್ರೆ ಎಲ್ಲೀಗೆ ಓಡ್ಲಿ?

ಮುನಿಸ್ವಾಮಪ್ಪ: ಮಾರಿಕುಪ್ಪಂನಾಗೆ ರೈಲು ಹತ್ತು. ಬಂಗಾರಪೇಟೇಲಿ ಇಳಿದು ಇನ್ನೊಂದು ಹತ್ತು.

ಕದಿರಮ್ಮ: ಆಮೇಲೆ?

ಮುನಿಸ್ವಾಮಪ್ಪ: ಆಮೇಲೆ ಕೇಳ್ಕೊಂಡು ಓಗ್ಬೇಕು.

ಕದಿರಮ್ಮ: ಬ್ಯಾಡ ಕಣಯ್ಯಾ. ಏಣೀಲಿ ಮೂರನೇ ಮೆಟ್ಲಿಗೆ ಕಣ್ಣು ಮುಚ್ಕೊಳ್ಳೋನು ನೀನು.

ಮುನಿಸ್ವಾಮಪ್ಪ ಬಾಗಿಲ ಕಡೆ ನೋಡಿದ. ಸದ್ಯ, ಯಾರೂ ಇರಲಿಲ್ಲ. ಒಂಬತ್ತು ಸಾವಿರ ಅಡಿ ಪಾತಾಳಕ್ಕೆ ಬೀಡಿ ಸೇದಿ ಮುಗಿಸಿದವನ ಹಾಗೆ ನೆಮ್ಮದಿಯಾಗಿ ಇಳಿಯುವ ಅವನಿಗೆ ಏಣಿ ಹತ್ತುವುದೆಂದರೆ ಜೀವಭಯ. ಲೋಕದಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೇ. ಗಾಳಿಗೆ ಸೂರಿನ ತಗಡು ಎದ್ದಾಗಲೆಲ್ಲ ಮೇಲೆ ಹತ್ತಿ ಮೊಳೆ ಹೊಡೆಯುತ್ತಿದ್ದವಳು ಕದಿರಮ್ಮ.

ಮುನಿಸ್ವಾಮಪ್ಪ (ಮೆಲ್ಲಗೆ): ನಾನೇನು ಹತ್ತಬೇಕಾಗಿಲ್ಲ ಕಣೇ. ಸಾಹೇಬ್ರು ಆರು ಡೇರೆ ಹಾಕ್ತಾರೆ. ನಂದು ಆರನೇ ನಂಬರು.

ಕದಿರಮ್ಮ: ಅದೆಲ್ಲಿ ಬತ್ತದೆ?

ಮುನಿಸ್ವಾಮಪ್ಪ: ಗಣೀಲಿ ಒಂದನೇ ಲೆವೆಲ್ ಎಲ್ಲೈತೆ? ಮ್ಯಾಲೆ. ತೊಂಬತ್ತನೇದು? ತಳದಾಗೆ. ಅಂಗೇ ಇದೂನೂ. ಒಂದನೇದು ತುದೀಲಿ, ಆರನೇದು ತಳದಾಗೆ, ಹೊಳೆ ಪಕ್ಕ. ಅವರು ಹತ್ತಿ ಇಳಿಯೋ ತನಕ ನಾನು ಹಗ್ಗ ಸುತ್ಕೊಂಡು ಟೀ ಕುಡೀತಾ ಇರ್ತೀನಿ.

ಇಷ್ಟು ಹೊತ್ತಿಗೆ ಪಕ್ಕದ ಮನೆಯ ಪೆರುಮಾಳ್ ಒಂದು ಕಾಗದದ ಸುರುಳಿ ಹಿಡಿದು ಒಳಗೆ ಬಂದ. ಶಾಫ್ಟಿನಲ್ಲಿ ಆಳುಗಳ ಕೇಜು ಇಳಿಸಿ ಏರಿಸುವ ಎಂಜಿನ್ ಅವನ ಕೈಯಲ್ಲಿತ್ತು.

ಪೆರುಮಾಳ್: ಅಣ್ಣಾ, ಸಾಹೇಬ್ರು ಡ್ರಾಯಿಂಗ್ ಕಳಿಸವ್ರೆ. ಇಲ್ಲಿ ನೋಡು, ಇದು ಹೊಳೆ. ಇಲ್ಲೇ ಪಕ್ಕದಲ್ಲಿ ಒಂದನೇ ನಂಬರು.

ಮುನಿಸ್ವಾಮಪ್ಪ: ತಲೆಕೆಳಗೆ ಹಿಡಿದಿದ್ದೀಯ ಕಣ್ಲಾ.

ಮುನಿಸ್ವಾಮಪ್ಪನೇ ಕಾಗದ ತಿರುಗಿಸಿದ. ಬೆಟ್ಟ ತುದಿ ಕೆಳಗಾಗಿ, ನೆಲದೊಳಕ್ಕೆ ಇಳಿದ ಶಾಫ್ಟಿನ ಹಾಗೆ ಕಂಡಿತು. ಅವನಿಗೆ ಅದೇ ಸರಿ ಅನ್ನಿಸಿತು.

ಪೆರುಮಾಳ್: ಅಕ್ಷರ ಎಲ್ಲಾ ತಲೆಕೆಳಗಾಯ್ತಲ್ಲಣ್ಣಾ!

ಪೆರುಮಾಳ್ ಮತ್ತೆ ತಿರುಗಿಸಿದ. ತುದಿಯಿಂದ ಒಂದು ಉಗುರಿನಷ್ಟು ಕೆಳಗೆ, ಕಡಿದಾದ ಗೆರೆಯ ಮೇಲೆ, ಆರನೇ ನಂಬರು ಕಾಗೆಯ ಹಾಗೆ ಕೂತಿತ್ತು.

ಪೆರುಮಾಳ್: ಪಕ್ಕದಲ್ಲಿ ನಿನ್ನ ಹೆಸರೇ ಬರೆದವ್ರೆ! ಅಲ್ಲಿಂದಾಚೆ ಬರೀ ಗಾಳಿ ಅಂತೆ. ಸಾಹೇಬ್ರಿಗೂ ಮೇಸ್ತ್ರಿಗೂ ಕಡೇ ಹಗ್ಗ ಹಿಡಿಯೋನು ನೀನೇ. ಬಂಗಾರಪೇಟೆ ಸ್ಟೇಷನ್ನಿಗೆ ಹಾರಾನೂ ವಾಲಗಾನೂ ಹೇಳಿಬಿಟ್ಟಿದೀನಿ ಅಣ್ಣಾ.

ಮುನಿಸ್ವಾಮಪ್ಪ ಆ ಅಂಕಿಯಿಂದ ಹೊಳೆಯ ತನಕ ಬೆರಳು ಎಳೆದು ನೋಡಿದ.

ಮುನಿಸ್ವಾಮಪ್ಪ: ಕದಿರೀ... ನೀನು ಏನೋ ಬ್ಯಾಡ ಅಂತಿದ್ದೆ.

ಕದಿರಮ್ಮ: ನಾನಾ?

ಮುನಿಸ್ವಾಮಪ್ಪ: ಬೆಳಗ್ಗೆಯಿಂದ ಅಂತಿದ್ದೀಯ.

ಕದಿರಮ್ಮ: ಯೋಚ್ನೆ ಮಾಡ್ದೆ. ಓಗ್ಬಾ.

ಮುನಿಸ್ವಾಮಪ್ಪ: ಏನಾರ ಆದ್ರೆ ಎಲ್ಲೀಗೆ ಓಡ್ತೀಯ?

ಕದಿರಮ್ಮ: ಕೇಳ್ಕೊಂಡು ಓಗ್ತೀನಿ.

ಮುನಿಸ್ವಾಮಪ್ಪ: ಅಲ್ಲಿ ಚಿನ್ನಾನೂ ಇಲ್ಲ.

ಕದಿರಮ್ಮ: ಇರೋ ಕಡೆಯಿಂದ ಏನ್ ತಂದೆ?

ಪೆರುಮಾಳ್: ಅಕ್ಕನೇ ಒಪ್ಪಿದ್ರು! ಇನ್ನೇನಣ್ಣಾ?

ಮುನಿಸ್ವಾಮಪ್ಪ ಚಾಪೆಯ ಮೇಲೆ ಕೂತು ಮತ್ತೆ ಹಗ್ಗಕ್ಕೆ ಕೈ ಹಾಕಿದ. ಹೆಣೆಯುತ್ತಿದ್ದ ಹಗ್ಗ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಕೈಯಲ್ಲಿ ಬಿಚ್ಚಿಕೊಂಡಿತು. ಕದಿರಮ್ಮ ಹಗ್ಗ ನೋಡಿದಳು, ಗಂಡನ ಮುಖ ನೋಡಿದಳು. ಮೊರ ಕೆಳಗಿಟ್ಟಳು.

ಕದಿರಮ್ಮ: ಪೆರುಮಾಳು, ಸಾಹೇಬ್ರಿಗೆ ಓಗಿ ಹೇಳು. ಅವನ ಹೆಂಡ್ತಿ ಬಲು ಗಯ್ಯಾಳಿ, ಕಳಿಸಿದ್ರೆ ಬಾವಿಗೆ ಬೀಳ್ತೀನಿ ಅಂದ್ಲು ಅಂತ.

ಪೆರುಮಾಳ್: ಅಯ್ಯೋ! ಈಗ ತಾನೇ ಓಗ್ಬಾ ಅಂದ್ರಲ್ಲಕ್ಕಾ?

ಕದಿರಮ್ಮ: ಅದು ಆವಾಗ.

ಮುನಿಸ್ವಾಮಪ್ಪ (ದೊಡ್ಡದಾಗಿ ಉಸಿರು ಬಿಟ್ಟು): ಹೆಂಗಸರು ಕಣ್ಲಾ. ಏನ್ ಮಾಡೋಕಾಯ್ತದೆ? ನಾನಂತೂ ಓಗೇ ತೀರಬೇಕು ಅಂತಿದ್ದೆ.

ಕದಿರಮ್ಮ: ಅಂಗಾ?

ಮುನಿಸ್ವಾಮಪ್ಪ: ಅಂತಿದ್ದೆ ಅಷ್ಟೆ. ಪೆರುಮಾಳೂ, ಬೇಗ ಓಗಿ ಹೇಳು. ಸಾಹೇಬ್ರು ಬೇರೆಯವರನ್ನ ನೋಡ್ಕೋಬೇಕಲ್ಲ.

ಪೆರುಮಾಳ್ ಸುರುಳಿ ಸುತ್ತಿಕೊಂಡು ಹೊರಟ. ಗಣಿಯ ಎರಡನೇ ಪಾಳಿಯ ಸೈರನ್ ಮೊಳಗಿತು. ಮುನಿಸ್ವಾಮಪ್ಪ ಎದ್ದ. ಟೋಪಿ ಹಾಕಿಕೊಂಡು, ಮದುವೆಮನೆಗೆ ಹೊರಟವನ ಹಾಗೆ ಹೊಸ್ತಿಲು ದಾಟಿದ.

ಮುನಿಸ್ವಾಮಪ್ಪ: ಬತ್ತೀನಿ.

ಕದಿರಮ್ಮ: ಇವತ್ತು ಎಷ್ಟನೇ ಲೆವೆಲ್ಲು?

ಮುನಿಸ್ವಾಮಪ್ಪ: ತೊಂಬತ್ತನೇದು.

ಕದಿರಮ್ಮ: ಹುಷಾರು. ನಾಳೆ ಬೆಳಗ್ಗೆ ಎಲ್ಲೂ ಓಗಬ್ಯಾಡ. ಮೂಲೆ ತಗಡು ಅಲ್ಲಾಡ್ತಾ ಐತೆ.

ಮುನಿಸ್ವಾಮಪ್ಪ ತಿರುಗಿ ಸೂರಿನ ಕಡೆ ನೋಡಿದ.

ಮುನಿಸ್ವಾಮಪ್ಪ: ನಾನು... ಹತ್ತಬೇಕಾ?

ಕದಿರಮ್ಮ: ನೀನ್ಯಾಕೆ? ನಿನ್ನ ಲೆಕ್ಕದ ಒಂದನೇ ನಂಬರಿಗೆ ನಾನು ಓಗ್ತೀನಿ. ನೀನು ಆರನೇದ್ರಲ್ಲಿ ನಿಂತ್ಕೊಂಡು ಏಣಿ ಹಿಡ್ಕೋ. ಟೀ ಕೊಡ್ತೀನಿ.