ಯಾರ ಫೋಲ್ಡರ್ ಮೇಲೆ?

ಶಿಕಾರಿಪುರದ ಹೊಂಬೆಳಕು ಉಣ್ಣೆ ಸಹಕಾರ ಸಂಘದ ಕಂಪ್ಯೂಟರಿಗೆ ವಿಂಡೋಸ್ ೯೫ ಬಂದದ್ದೇ ಸಂಗಮೇಶನ ಗ್ರಹಚಾರಕ್ಕೆ. ಅದುವರೆಗೆ ಡಾಸ್‌ನ ಕಪ್ಪು ಪರದೆಯ ಮೇಲೆ ಅವನೇನು ಕುಟ್ಟುತ್ತಾನೆಂದು ಇಣುಕಿದವರಿಲ್ಲ. ಈಗ ಹಳದಿ ಫೋಲ್ಡರುಗಳು ಹೆಸರು ಹೊತ್ತು, ಮದುವೆಮನೆಯ ಬಾಗಿಲಲ್ಲಿ ನಿಂತ ಬೀಗರಂತೆ ಹಾದುಹೋಗುವವರನ್ನೆಲ್ಲ ಕರೆಯುತ್ತಿದ್ದವು.

ಐದು ವರ್ಷದಿಂದ ಹಂಗಾಮಿ ಗುಮಾಸ್ತನಾಗಿದ್ದ ಸಂಗಮೇಶನನ್ನು ಕಾಯಂ ಮಾಡುವ ಆದೇಶಕ್ಕೆ ಅಂದು ಸಂಜೆ ಸಹಿ ಬೀಳಬೇಕಿತ್ತು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಮೂವರ ಸಹಿಯೂ ಒಂದೇ ಹಾಳೆಯ ಮೇಲಿರಬೇಕೆಂಬುದು ಸಂಘದ ನಿಯಮ. ಅವರನ್ನು ಖುಷಿಪಡಿಸಲೆಂದೇ ಹಳೆಯ ಕಡತಗಳನ್ನೆಲ್ಲ ವಿಂಡೋಸಿಗೆ ಸಾಗಿಸಿ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಫೋಲ್ಡರ್ ಮಾಡಿಟ್ಟಿದ್ದ.

ಚಹಾ ತಂದ ಜವಾನ ಗುಡ್ಡಪ್ಪ ಪರದೆ ನೋಡಿದ. ನೋಡಿದವನೇ ನೆಟ್ಟಗೆ ಅಧ್ಯಕ್ಷರ ಕೋಣೆಗೆ ನಡೆದ.

ಅಧ್ಯಕ್ಷ ನಾಗರಾಜಪ್ಪನವರು ಶಲ್ಯ ಸರಿಮಾಡಿಕೊಳ್ಳುತ್ತ ಬಂದರು. “ಏನಪ್ಪಾ ಸಂಗಮೇಶ, ಮ್ಯಾಲೆ ಕೆಂಪಪ್ಪ, ನಡುವೆ ಮಲ್ಲಿಕಾರ್ಜುನಪ್ಪ, ತಳದಾಗೆ ನಾನು! ನಾನೇನು ಈ ಸಂಘದ ಕಾವಲುಗಾರನೇನು?”

“ಇಂಗ್ಲಿಷ್ ಅಕ್ಷರ ನೋಡಿ ಅದೇ ಜೋಡಿಸ್ತತಿ ಸಾರ್. ಕೆ, ಎಂ, ಎನ್...”

“ಅಧ್ಯಕ್ಷ ಯಾರು ಅಂತ ಅದಕ್ಕೇನು ಗೊತ್ತು? ನೀನು ಹೇಳಬೇಕಪ್ಪಾ!”

ಸಂಗಮೇಶ ಅವರ ಹೆಸರಿನ ಎಡಕ್ಕೆ ಒಂದು ಅಂಕೆ ಸೇರಿಸಿದ. ಫೋಲ್ಡರ್ ತುದಿಗೇರಿತು. ಗುಡ್ಡಪ್ಪ ಮತ್ತೆ ಮಾಯವಾದ.

ಉಪಾಧ್ಯಕ್ಷ ಮಲ್ಲಿಕಾರ್ಜುನಪ್ಪ ಬಂದರು. “ಸಂಘಕ್ಕೆ ಜಾಗ ಕೊಟ್ಟೋರು ನಮ್ಮಪ್ಪ. ನಂಗೂ ಅದೇ ಅಂಕೆ ಹಾಕು!”

ಹಿಂದೆಯೇ ಕಾರ್ಯದರ್ಶಿ ಕೆಂಪಪ್ಪ. “ನಾನೇನು ಕೇಳಿ ಕೂತಿರಲಿಲ್ಲ. ಕಂಪ್ಯೂಟರೇ ಮ್ಯಾಲೆ ಕೂರಿಸಿತ್ತು. ಇಳಿಸಿದೋರು ಯಾರ್ರೀ?”

ಸಂಗಮೇಶ ಒಬ್ಬರ ಫೋಲ್ಡರಿನೊಳಗೆ ಉಳಿದಿಬ್ಬರನ್ನು ಇಟ್ಟು ನೋಡಿದ. “ಹಂಗಾರೆ ನಾವು ಇವ್ರ ಹೊಟ್ಟೆಯೊಳಗಾ?” ಎಂದು ಇಬ್ಬರೂ ಕೆರಳಿದರು. ಅಡ್ಡಸಾಲಿನಲ್ಲಿ ಇಟ್ಟ. ಮೂಲೆ ಯಾರದು ಎಂಬ ಜಗಳ ಎದ್ದಿತು. ಉಣ್ಣೆ ಕತ್ತರಿಸಿಕೊಳ್ಳುವ ಕುರಿಯಂತೆ ಅವನು ತಲೆ ತಗ್ಗಿಸಿ ಮೌಸ್ ಒತ್ತುತ್ತಲೇ ಇದ್ದ.

ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಉಪಾಯ ಹೊಳೆಯಿತು. ವಿಂಡೋಸಿನ ಸೆಟ್ಟಿಂಗುಗಳಿಗೆ ಹೋಗಿ ಮೂವರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟ. ಯಾರ ಪಾಸ್‌ವರ್ಡ್ ಒತ್ತಿದರೆ ಅವರದೇ ಪರದೆ, ಅದರಲ್ಲಿ ಅವರದೇ ಫೋಲ್ಡರ್ ಮೇಲೆ. ಒಬ್ಬೊಬ್ಬರೂ ಗುಟ್ಟಾಗಿ ಬಂದು, ತಮ್ಮನ್ನು ತುದಿಯಲ್ಲಿ ಕಂಡು, ಅವನ ಬೆನ್ನು ತಟ್ಟಿ ಹೋದರು.

ಸಂಜೆಯ ಸಭೆಯಲ್ಲಿ ಮೂವರೂ ಅವನನ್ನು ಹೊಗಳಿದರು. ಸಂಗಮೇಶ ಆದೇಶದ ಹಾಳೆಯನ್ನು ಮೇಜಿನ ಮೇಲಿಟ್ಟ. ನಾಗರಾಜಪ್ಪ ಪೆನ್ನು ತೆರೆದರು.

“ಮೊದಲ ಸಹಿ ಯಾರದು?” ಎಂದರು ಮಲ್ಲಿಕಾರ್ಜುನಪ್ಪ.

ತೆರೆದ ಪೆನ್ನು ಹಾಳೆಯ ಮೇಲೆಯೇ ನಿಂತಿತು.

ನಾಗರಾಜಪ್ಪನವರೇ ನಕ್ಕರು. “ಜಗಳ ಯಾಕ್ರೀ? ಹುಡುಗ ದಾರಿ ತೋರಿಸ್ಯಾನಲ್ಲ! ಸಂಗಮೇಶ, ಇನ್ನೆರಡು ಹಾಳೆ ತಗಿ. ನಮ್ಮ ನಮ್ಮ ಹಾಳೆಯಾಗೆ ನಾವು ನಾವೇ ಮ್ಯಾಲೆ.”

“ಸಾರ್, ಮೂರೂ ಸಹಿ ಒಂದೇ ಹಾಳೆಯಲ್ಲಿ...”

“ಅವರ ಹಾಳೆಯಾಗೆ ಕೆಳಗೆ ಸಹಿ ಮಾಡಾಕೆ ನಾನೇನು ಸಾಕ್ಷಿಗೆ ಬಂದೀನಾ?” ಎಂದರು ಕೆಂಪಪ್ಪ. ಈ ಮಾತನ್ನು ಮಾತ್ರ ಸಭೆ ಒಮ್ಮತದಿಂದ ಒಪ್ಪಿತು. ಮೂರು ಹಾಳೆಗೆ ಮೂರು ಸಹಿ ಬಿದ್ದವು, ಒಂದೊಂದರಲ್ಲಿ ಒಂದೊಂದೇ.

ಹೀಗೆ ಒಂದೇ ಸಂಜೆ ಮೂರು ಸಲ ಕಾಯಂ ಆದ ಸಂಗಮೇಶ, ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕದ ಹಂಗಾಮಿ ನೌಕರರ ಪುಟ ತೆರೆದು ಸಹಿ ಹಾಕಿದ. ಆ ಪುಟದಲ್ಲಿ ಇದ್ದದ್ದು ಅವನೊಬ್ಬನದೇ ಹೆಸರು. ಎಲ್ಲಕ್ಕಿಂತ ಮೇಲೆ.