ಮೊದಲನೆಯ ಅಲೆ ಮತ್ತು ನನ್ನ ಕಪ್ಪು-ಬಸಿ

ಭೂಕಂಪ ಆಗಲಿ ಎಂದು ಕಾಯುವ ಮನುಷ್ಯನನ್ನು ಯಾರೂ ಒಳ್ಳೆಯವನು ಎನ್ನಲಾರರು. ಆದರೂ ಒಪ್ಪಿಕೊಂಡುಬಿಡುತ್ತೇನೆ, ನಾನು ಕಾಯುತ್ತಿದ್ದೆ. ದೊಡ್ಡದು ಬೇಡ, ಯಾರ ಗೋಡೆಯೂ ಬಿರಿಯುವುದು ಬೇಡ, ಒಂದು ಕೋಳಿಗೂ ಗಾಯವಾಗುವುದು ಬೇಡ. ನನ್ನ ಪಾಲಿಗೆ ಒಂದು ಸಣ್ಣ, ಮರ್ಯಾದಸ್ಥ ಭೂಕಂಪ ಸಾಕಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಮೊದಲು ಪ್ರಾಥಮಿಕ ಅಲೆ ಬರುತ್ತದೆ, ಅದರ ಹಿಂದೆ ದ್ವಿತೀಯಕ ಅಲೆ, ಕೊನೆಗೆ ನೆಲದ ಮೇಲ್ಮೈಯ ಅಲೆಗಳು ಎಂದು ಕಪ್ಪು ಹಲಗೆಯ ಮೇಲೆ ಬಳುಕು ಗೆರೆ ಎಳೆದು ವರ್ಷವರ್ಷವೂ ಪಾಠ ಮುಗಿಸಿದ್ದೇನೆ. ಹಾಗೆ ಹೇಳುವಾಗಲೆಲ್ಲ, ಮದುವೆಯಾಗದವನು ಸಂಸಾರದ ಬಗ್ಗೆ ಭಾಷಣ ಬಿಗಿದಂತೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಒಂದೇ ಒಂದು ಸಲ ಆ ಎರಡು ಅಲೆಗಳನ್ನು ಬೇರೆಬೇರೆಯಾಗಿ ಮೈಯಲ್ಲಿ ಅನುಭವಿಸಬೇಕು, ನಡುವಿನ ಸೆಕೆಂಡುಗಳನ್ನು ಎಣಿಸಬೇಕು, ಅದನ್ನು ಎಂಟರಿಂದ ಗುಣಿಸಿ ಭೂಕಂಪ ಎಷ್ಟು ಕಿಲೋಮೀಟರು ದೂರದಲ್ಲಿ ಹುಟ್ಟಿತು ಎಂದು ಠೀವಿಯಿಂದ ಸಾರಬೇಕು. ಇಷ್ಟೇ ನನ್ನ ಆಸೆ.

ಹಾಗಾಗಿ ಚಿಂಚೋಳಿ ತಾಲೂಕಿನ ಐನಾಪುರಕ್ಕೆ ವರ್ಗವಾದಾಗ ನನಗೆ ಆದ ಸಂತೋಷವನ್ನು ಜೊತೆಯ ಮಾಸ್ತರರು ಅರ್ಥ ಮಾಡಿಕೊಳ್ಳಲೇ ಇಲ್ಲ. ಆ ಕಡೆ ನೆಲದೊಳಗೆ ಆಗಾಗ ಗುಡುಗುತ್ತದೆ, ಪಾತ್ರೆಗಳು ಅಲುಗುತ್ತವೆ ಎಂದು ಅವರು ಮರುಗಿದರು. ನಾನು ಪೇಡೆ ಹಂಚಿದೆ. ಆದರೆ ನನ್ನ ಹಣೆಬರಹ ನೋಡಿ. ನಾನು ಊರಲ್ಲಿದ್ದರೆ ನೆಲ ಗಪ್ಪನೆ ಕೂತಿರುತ್ತಿತ್ತು, ಊರು ಬಿಟ್ಟ ದಿನವೇ ಅಲುಗುತ್ತಿತ್ತು. ಒಮ್ಮೆ ಸೇಡಂ ಸಂತೆಯಲ್ಲಿ ಬೆಳ್ಳುಳ್ಳಿ ಆರಿಸುತ್ತಿದ್ದೆ. ಇನ್ನೊಮ್ಮೆ ಚಿತ್ತಾಪುರದ ಬಸ್ಸಿನಲ್ಲಿದ್ದೆ. ಆ ಬಸ್ಸಿನಲ್ಲಿ ಕೂತವನಿಗೆ ಎಲ್ಲ ಬಗೆಯ ಅಲೆಗಳೂ ಒಟ್ಟಿಗೇ ಬರುತ್ತಿರುವುದರಿಂದ ಹೊರಗಿನ ಭೂಕಂಪ ಗೊತ್ತಾಗುವುದು ಸಾಧ್ಯವಿರಲಿಲ್ಲ. ಮತ್ತೊಂದು ಸಲ ವಾಡಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಅವಳ ಮನೆ ರೈಲು ಹಳಿಗೆ ಹತ್ತಿಕೊಂಡೇ ಇದೆ. ಗೂಡ್ಸ್ ಗಾಡಿ ಬಂದಾಗ ಅಕ್ಕ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಕೊನೆಯ ಡಬ್ಬಿ ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾಳೆ. ಮನೆ ನಡುಗುತ್ತಿದೆ ಎಂದು ಅವಳಿಗೆ ಯಾರಾದರೂ ಹೇಳಿದರೆ ಆಶ್ಚರ್ಯಪಟ್ಟಾಳು.

ಅಕ್ಕನನ್ನು ನೋಡಿ ನಗುವ ಹಾಗಿಲ್ಲ, ನಮ್ಮದು ಶಹಾಬಾದ ಹತ್ತಿರದ ಭಂಕೂರ. ಸುತ್ತ ಕಲ್ಲಿನ ಖಣಿಗಳು. ನಾನು ಚಿಕ್ಕವನಿದ್ದಾಗ ದಿನಾ ಚಹಾದ ಹೊತ್ತಿಗೆ ಸರಿಯಾಗಿ ಎಲ್ಲೋ ಬ್ಲಾಸ್ಟಿಂಗ್ ಆಗುತ್ತಿತ್ತು. ನೆಲದಿಂದ ಒಂದು ಗುದ್ದು ಬಂದ ಕೂಡಲೇ ಮನೆಯಲ್ಲಿದ್ದವರೆಲ್ಲ ಬಲಗೈಯನ್ನು ಕಪ್ಪಿನ ಮೇಲೆ ಬೋರಲು ಮುಚ್ಚುತ್ತಿದ್ದೆವು. ಛತ್ತಿಗೆ ಹೊದಿಸಿದ ಪರ್ಸಿಕಲ್ಲು ಚಪ್ಪಡಿಗಳ ಸಂದಿಯಿಂದ ಸುಣ್ಣದ ಪುಡಿ ಉದುರುತ್ತದೆ, ಅದು ಚಹಾಕ್ಕೆ ಬೀಳಬಾರದು. ಅಲುಗಾಟ ನಿಂತ ಮೇಲೆ ಕೈ ತೆಗೆದು ಕುಡಿಯುವುದು. ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ. ಹೊಸದಾಗಿ ಸೊಸೆಯಾಗಿ ಬಂದ ನನ್ನ ಹೆಂಡತಿ ಶರಣಮ್ಮ ಮೊದಲ ದಿನ ಗಾಬರಿಯಾಗಿ ಹೊರಗೆ ಓಡಿದಾಗ ನಮ್ಮವ್ವ ಅವಳ ಕಪ್ಪಿನ ಮೇಲೂ ತನ್ನ ಎಡಗೈ ಇಟ್ಟು ಕಾಪಾಡಿದ್ದಳಂತೆ.

ಈಗ ಐನಾಪುರದ ಬಾಡಿಗೆ ಮನೆಯಲ್ಲಿ ನಾವು ಮೂವರು: ನಾನು, ಶರಣಮ್ಮ, ಮಂಡಿನೋವಿನ ಅವ್ವ. ಓಣಿಯ ಜನ ಹೆದರಿದ್ದರು. ವಿಜ್ಞಾನದ ಮಾಸ್ತರ ಇದ್ದಾರಲ್ಲ, ನಾಲ್ಕು ಮಾತು ಹೇಳಲಿ ಎಂದು ಒಂದು ಸೋಮವಾರ ಸಂಜೆ ಗುಡಿಯ ಕಟ್ಟೆಗೆ ಕರೆದರು. ನನಗೆ ಅಷ್ಟೇ ಸಾಕಾಗಿತ್ತು. ಎಂಟು ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿ, ಪ್ರತಿಯೊಬ್ಬರ ಕೈಯನ್ನೂ ಮುಂದಿನವರ ಹೆಗಲ ಮೇಲೆ ಇಡಿಸಿ, ಕೊನೆಯವರ ಬೆನ್ನನ್ನು ನಾನೇ ತಳ್ಳಿದೆ. ಒಬ್ಬೊಬ್ಬರೂ ಮುಂದಕ್ಕೆ ವಾಲಿ ಮತ್ತೆ ನೆಟ್ಟಗೆ ನಿಂತರು, ತಳ್ಳಾಟ ಮಾತ್ರ ಸಾಲಿನುದ್ದಕ್ಕೂ ಹೋಯಿತು. ಪ್ರಾಥಮಿಕ ಅಲೆ ಕಲ್ಲಿನೊಳಗೆ ಹೋಗುವುದು ಹೀಗೆಯೇ, ಕಲ್ಲು ಅಲ್ಲೇ ಇರುತ್ತದೆ, ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಐದಾರು ಕಿಲೋಮೀಟರು ಓಡುವುದು ತಳ್ಳಾಟ ಎಂದು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ, ಸಾಲಿನ ಮುಂದಿದ್ದ ಎದುರುಮನೆಯ ಮುದುಕ ಬಸಣ್ಣ ಮುತ್ಯಾ, ಹಿಡಿಯಲು ಮುಂದೆ ಹೆಗಲಿಲ್ಲದೆ, ಕಟ್ಟೆಯಿಂದ ಜಾರಿ ಕೆಳಗಿನ ತೊಗರಿ ಹೊಟ್ಟಿನ ರಾಶಿಯಲ್ಲಿ ಕೂತಿದ್ದರು.

“ಸರ, ಮೊದಲನೇದೇ ಹಿಂಗಾದ್ರ ಎರಡನೇದು ನನಗ ಬ್ಯಾಡ್ರಿ,” ಎಂದರು ಹೊಟ್ಟು ಕೊಡವಿಕೊಳ್ಳುತ್ತ.

ಎರಡನೆಯದಕ್ಕೆ ಎತ್ತಿನ ಹಗ್ಗ ತಂದಿದ್ದೆ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಅಡ್ಡಡ್ಡ ಝಾಡಿಸಿದೆ. ಅಲೆ ಮುಂದಕ್ಕೆ ಹೋಯಿತು, ಹಗ್ಗ ಮಾತ್ರ ಅಡ್ಡಕ್ಕೆ ಒಲೆದಾಡಿತು. ದ್ವಿತೀಯಕ ಅಲೆಯ ಸ್ವಭಾವ ಇದು. ವೇಗ ಮೊದಲನೆಯದರ ಅರ್ಧಕ್ಕಿಂತ ತುಸು ಹೆಚ್ಚು, ಏಟು ಮಾತ್ರ ಜೋರು. ಇದು ನೀರಿನಲ್ಲಿ ಹಾಯುವುದಿಲ್ಲ, ಏಕೆಂದರೆ ನೀರನ್ನು ತಳ್ಳಬಹುದು, ಹಗ್ಗದ ಹಾಗೆ ಹಿಡಿದು ಝಾಡಿಸಲಾಗುವುದಿಲ್ಲ ಎಂದೆ.

“ಹಂಗಾದ್ರ ಬಾವ್ಯಾಗ ಇಳದು ಕುಂತ್ರ ಉಳೀತೀವೇನ್ರಿ?” ಬಸಣ್ಣ ಮುತ್ಯಾ ಕೇಳಿದರು.

“ನೀರಿಗೆ ಎರಡನೇ ಅಲೆ ಬರಲ್ಲ ಮುತ್ಯಾ, ಖರೆ ಅದ. ಆದ್ರ ಬಾವಿ ಸುತ್ತ ಕಟ್ಟಿದ ಕಲ್ಲಿಗೆ ಬರ್ತದಲ್ರಿ,” ಎಂದೆ. ಮೇಲ್ಮೈ ಅಲೆಗಳ ಸರದಿ ಬಂದಾಗ ಒಂದು ಮೊರ ತರಿಸಿಕೊಂಡು ತೊಗರಿಬೇಳೆ ಕೇರಿ ತೋರಿಸಿದೆ. ಎಲ್ಲಕ್ಕಿಂತ ತಡವಾಗಿ ಬಂದು ನೆಲವನ್ನು ಹೀಗೆ ಅತ್ತಿತ್ತ, ಮೇಲೆಕೆಳಗೆ ಕುಲುಕಿ, ಮನೆಗಳಿಗೆ ಹೆಚ್ಚು ತೊಂದರೆ ಕೊಡುವವರು ಇವರೇ ಎಂದೆ. ಹೆಣ್ಣುಮಕ್ಕಳು ನಾನು ಕೇರುವ ರೀತಿ ನೋಡಿ ನಕ್ಕರು. ನಾನು ಮಾತ್ರ ತೇಲುತ್ತಿದ್ದೆ. ಆ ತೇಲಾಟದಲ್ಲೇ ಒಂದು ಮಾತು ಕೊಟ್ಟುಬಿಟ್ಟೆ. ಮೊದಲನೆಯ ಅಲೆ ಎಚ್ಚರಿಕೆ ಇದ್ದ ಹಾಗೆ, ಅದನ್ನು ಗುರುತಿಸುವುದು ನನಗೆ ಗೊತ್ತು, ಗುರುತಿಸಿದ ಕೂಡಲೇ ಇಡೀ ಓಣಿಗೆ ಕೇಳುವಂತೆ ಕೂಗುತ್ತೇನೆ, ಎಲ್ಲರೂ ಹೊರಗೆ ಬಂದುಬಿಡಿ ಎಂದೆ. ಎಲ್ಲರೂ ನಂಬಿದರು. ಓಣಿಯ ಮನೆಗಳೆಲ್ಲ ಪರ್ಸಿಕಲ್ಲಿನ ಛತ್ತಿನವು, ಬಿದ್ದರೆ ನೇರ ತಲೆಯ ಮೇಲೆ, ನಂಬದೆ ಅವರಿಗೂ ದಾರಿ ಇರಲಿಲ್ಲ.

ಮನೆಗೆ ಬಂದ ಮೇಲೆ ಶರಣಮ್ಮ ಕೇಳಿದಳು: “ಎರಡು ಅಲೆ ನಡುವ ಎಷ್ಟು ಟೈಮ್ ಸಿಗ್ತದ್ರಿ?”

“ಹತ್ರದ್ದಾದ್ರ ಒಂದೋ ಎರಡೋ ಸೆಕೆಂಡು.”

“ಎರಡು ಸೆಕೆಂಡಿನ್ಯಾಗ ಅತ್ತಿಯವರು ಮಂಡಿ ಮ್ಯಾಲ ಕೈ ಊರೂದು ಸುದ್ದಾ ಆಗಲ್ಲ.”

“ನಾ ಎತ್ಕೊಂಡು ಹೊರಗ ಓಡ್ತೀನಿ. ನಾ ಇರೂದು ಯಾತಕ್ಕ?”

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಮರುದಿನವೇ ಅವ್ವನ ಹೊರಸನ್ನು ಅಂಗಳದ ಬೇವಿನ ಗಿಡದ ಕೆಳಗೆ ಹಾಕಿಸಿ, ಹಗಲೆಲ್ಲ ಅಲ್ಲಿಯೇ ಕೂರಿಸತೊಡಗಿದಳು. ವಿಜ್ಞಾನದ ಮೇಲೆ ಇವಳಿಗೆ ವಿಶ್ವಾಸ ಸಾಲದು ಎಂದು ನನಗೆ ಬೇಸರವಾಯಿತು.

ಅದಾಗಿ ಕೆಲವು ವಾರಕ್ಕೆ ಒಂದು ಭಾನುವಾರ, ಸಂಜೆಯ ನಾಲ್ಕರ ಸುಮಾರು. ಅವ್ವ ಹೊರಗೆ ಹೊರಸಿನ ಮೇಲೆ, ಶರಣಮ್ಮ ಅಡುಗೆಮನೆಯಲ್ಲಿ, ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಮುಂದೆ ಕಪ್ಪು-ಬಸಿಯಲ್ಲಿ ಬಿಸಿ ಚಹಾ. ನೆಲದೊಳಗಿಂದ ಧಡ್ ಎಂದು ಒಂದು ಗುದ್ದು ಬಂತು. ನನ್ನ ಬಲಗೈ ಹೋಗಿ ಕಪ್ಪಿನ ಮೇಲೆ ಬೋರಲು ಕೂತಿತು. ಯಾರೋ ಒದರುತ್ತ ಹೊರಗೆ ಓಡಿದಂತಾಯಿತು, ಭಂಕೂರದ ರೂಢಿಯಂತೆ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಹಲಗೆಯ ಮೇಲಿನ ತಾಟುಗಳು ಗಲಗಲ ಎಂದವು, ಛತ್ತಿನಿಂದ ಪುಡಿ ಉದುರಿತು, ಕುರ್ಚಿ ಮೊರದಲ್ಲಿಟ್ಟ ಹಾಗೆ ಕುಲುಕಿತು. ಇಂದು ಬ್ಲಾಸ್ಟಿಂಗ್ ತುಸು ಜೋರಾಗಿಯೇ ಆಯಿತು ಎಂದುಕೊಂಡು ಎಡಗೈಯಿಂದ ಹಾಳೆ ತಿರುವಿದೆ. ಐನಾಪುರದಲ್ಲಿ ಖಣಿ ಇಲ್ಲ ಎಂಬುದು ನನ್ನ ಕೈಗಾಗಲಿ ತಲೆಗಾಗಲಿ ಹೊಳೆಯಲೇ ಇಲ್ಲ. ಎಲ್ಲ ನಿಂತ ಮೇಲೆ ಕೈ ತೆಗೆದು ಒಂದು ಗುಟುಕು ಕುಡಿದೆ. ಚಹಾ ಚೆನ್ನಾಗಿತ್ತು.

“ರೀ, ಹೊರಗ ಬರ್ರಿ, ಏನಾದ್ರೂ ಆಯ್ತೇನ್ರಿ ನಿಮಗ?” ಎಂದು ಶರಣಮ್ಮ ಬಾಗಿಲಲ್ಲಿ ನಿಂತು ಕರೆದಳು. ಕಪ್ಪು ಹಿಡಿದುಕೊಂಡೇ ಹೊರಗೆ ಬಂದೆ. ಇಡೀ ಓಣಿ ಹೊರಗೆ ನಿಂತಿತ್ತು. ಆಗ ನನಗೆ ಗೊತ್ತಾಯಿತು. ಜೀವಮಾನವೆಲ್ಲ ಕಾದ ಅತಿಥಿ ಮನೆಗೆ ಬಂದು ಹೋಗಿದ್ದ, ನಾನು ಪೇಪರು ಓದುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಜನಕ್ಕೆ ಕೂಗುತ್ತೇನೆ ಎಂದು ಮಾತು ಕೊಟ್ಟವನು ನಾನು. ಅವ್ವ ಒಳಗೇ ಇದ್ದಿದ್ದರೆ, ಎತ್ತಿಕೊಂಡು ಓಡುತ್ತೇನೆ ಎಂದವನೂ ನಾನೇ.

“ನೀವು ಕೂಗ್ತೀರಿ ಅಂತ ಕಿವಿಗೊಟ್ಟು ಬಾಗಿಲದಾಗೇ ನಿಂತಿದ್ದೆ ಸರ,” ಎಂದರು ಬಸಣ್ಣ ಮುತ್ಯಾ. “ಅಷ್ಟರಾಗ ಅಕ್ಕಾವ್ರು ಕೂಗಿದ್ರು, ನಮ್ಮ ಪುಣ್ಯಾ.”

ಕೂಗಿದವಳು ಶರಣಮ್ಮ. “ಕೆಳಗಿಂದ ಗುದ್ದಿದಂಗ ಆಯ್ತು. ಗ್ಯಾಸ್ ಆರಿಸಿ ಒದರಕೋತ ಓಡಿದೆ. ನೀವೂ ಹಿಂದ ಬರಾಕತ್ತೀರಿ ಅಂದ್ಕೊಂಡೆ. ಒಂದು, ಎರಡು ಅಂತ ಎಣಸೂದ್ರಾಗ ನೆಲ ಅಡ್ಡ ಒಲೀತು,” ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಕಪ್ಪನ್ನು ನೋಡಿ, ದನಿ ತಗ್ಗಿಸಿ ಕೇಳಿದಳು: “ಎರಡೆಂಟ್ಲೆ ಹದಿನಾರು. ಹದಿನಾರು ಕಿಲೋಮೀಟರ್ ಆಗ್ತದಲ್ರಿ?”

ಆಗ್ತದ ಎಂದೆ. ಬೇವಿನ ಗಿಡದ ಕಡೆ ನೋಡಿದರೆ, ಛತ್ತೇ ಇಲ್ಲದ ಕಡೆ, ಅವ್ವ ತನ್ನ ಕಪ್ಪಿನ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದಳು. “ನಿಂತಿತೇನಪ್ಪಾ?” ಎಂದು ಕೇಳಿ ಕೈ ತೆಗೆದು ಕುಡಿಯತೊಡಗಿದಳು. ಸುತ್ತ ನಿಂತಿದ್ದ ಓಣಿಯ ಮಕ್ಕಳು ಅವಳ ಕೈಯನ್ನೂ ನನ್ನ ಕಪ್ಪನ್ನೂ ನೋಡುತ್ತಿದ್ದರು.

ಮರುದಿನ ಶಾಲೆಯಲ್ಲಿ ಬೇರೆ ಪಾಠ ಬಿಟ್ಟು ಇದನ್ನೇ ತೆಗೆದುಕೊಂಡೆ. ಶರಣಮ್ಮ ಹೇಳಿದ್ದನ್ನೇ, ಕೆಳಗಿನ ಗುದ್ದು, ಎರಡರ ಎಣಿಕೆ, ಅಡ್ಡ ಒಲೆದಾಟ ಎಲ್ಲವನ್ನೂ ನನ್ನದೇ ಅನುಭವವೆಂಬಂತೆ ಮೈಯುಬ್ಬಿ ವರ್ಣಿಸಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕೊನೆಗೆ, “ಹಂಗಾದ್ರ ಮೊದಲನೇ ಅಲೆ ಬಂದ ಕೂಡಲೇ ನಾವು ಏನ್ ಮಾಡಬೇಕು?” ಎಂದು ಕೇಳಿದೆ. ಅವರಲ್ಲಿ ಅರ್ಧ ಮಕ್ಕಳು ನಮ್ಮ ಓಣಿಯವರು ಎಂಬುದನ್ನು ಮರೆತಿದ್ದೆ. ಇಡೀ ತರಗತಿ ಗಂಭೀರವಾಗಿ ಬಲಗೈಯನ್ನು ಮುಂದೆ ಚಾಚಿ ಡೆಸ್ಕಿನ ಮೇಲೆ ಬೋರಲು ಮುಚ್ಚಿತು. ಭಂಕೂರದಲ್ಲೂ ಅಷ್ಟು ಕೈಗಳು ಒಟ್ಟಿಗೆ ಬಿದ್ದದ್ದನ್ನು ನಾನು ನೋಡಿರಲಿಲ್ಲ.